ಹರಿಯಬೇಕಿದ್ದ ಸುರುಳಿ

ಬೀದಿಯವರು ಅವಳಿಗೆ ಮರಕುಟಿಗ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ. ಎದುರಿಗೆ ಅವಳು ಎಲ್ಲರಿಗೂ ಅಕ್ಕನೇ. ಆದರೆ ಯಾರಾದರೂ ಹೊಸಬರು ಬಂದು ಪಿಯಾನೊ ರಿಪೇರಿಯವನ ಮನೆ ಎಲ್ಲಿ ಎಂದು ವಿಚಾರಿಸಿದರೆ ಮೂಲೆಯಂಗಡಿಯವನು, ಮುಂದೆ ಹೋಗಿ ಸುಮ್ಮನೆ ನಿಂತು ಕಿವಿಗೊಡಿ, ಟಕ್ ಟಕ್ ಅಂತ ಎಲ್ಲಿಂದ ಸದ್ದು ಬರುತ್ತೋ ಅದೇ ಮನೆ, ಮರಕುಟಿಗ ಒಳಗೇ ಇರುತ್ತೆ ಎನ್ನುತ್ತಿದ್ದ. ಈ ಅಡ್ಡಹೆಸರು ಅವಳ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಆ ಹಕ್ಕಿಗಾದರೂ ಕುಟ್ಟಿ ಕುಟ್ಟಿ ಹುಳ ಸಿಗುತ್ತೆ, ನನಗೆ ಸಿಗೋದು ಬರೀ ತೂತು ಎಂದು ಗಂಡನ ಹತ್ತಿರ ಹೇಳಿ ನಕ್ಕಿದ್ದಳು.

ಮದುವೆಗೆ ಮುಂಚಿನಿಂದಲೂ ಅವಳದು ತೂತು ಹೊಡೆಯುವ ಕೈ. ಬೂಟಿನ ಕಾರ್ಖಾನೆಯಲ್ಲಿ ಚರ್ಮಕ್ಕೆ ಲೇಸಿನ ಕಣ್ಣುಗಳನ್ನೂ ಮೂತಿಯ ಮೇಲಿನ ಚಿತ್ತಾರದ ಚುಕ್ಕಿಗಳನ್ನೂ ಹೊಡೆಯುತ್ತಿದ್ದಳು. ಕಾರ್ಖಾನೆ ಮುಚ್ಚಿತು. ಮನೆಯಲ್ಲಿ ಕೈ ಕಟ್ಟಿ ಕುಳಿತ ಹೆಂಡತಿಯ ಮುಖ ನೋಡಲಾಗದೆ ಪಿಯಾನೊ ರಿಪೇರಿಯ ಗಂಡ ಒಂದು ದಿನ ಯಾವುದೋ ಹಳೇ ಹೋಟೆಲಿನವರು ಎಸೆಯಲು ಹೊರಟಿದ್ದ ಪಿಯಾನೊವೊಂದನ್ನು ಗಾಡಿಯ ಮೇಲೆ ಹೇರಿಕೊಂಡು ಬಂದ. ಅದು ತಾನೇ ನುಡಿಯುವ ಪಿಯಾನೊ. ಹೆಸರಿಗೆ ತಾನೇ ನುಡಿಯುವುದಾದರೂ ಯಾರಾದರೂ ಕೂತು ಪೆಡಲು ತುಳಿಯುತ್ತಲೇ ಇರಬೇಕು. ತುಳಿದಾಗ ಒಳಗಿನ ತಿದಿ ಗಾಳಿ ಎಳೆಯುತ್ತದೆ. ಎದುರಿನ ಗೂಡಿನಲ್ಲಿ ಅಗಲವಾದ ಕಾಗದದ ಸುರುಳಿಯೊಂದು ಬಿಚ್ಚಿಕೊಳ್ಳುತ್ತಾ ಹಿತ್ತಾಳೆ ಪಟ್ಟಿಯ ಮೇಲೆ ಸರಿಯುತ್ತದೆ. ಕಾಗದದಲ್ಲಿ ತೂತು ಬಂದ ಕಡೆ ಗಾಳಿ ನುಗ್ಗಿ, ಆ ತೂತಿಗೆ ಸೇರಿದ ಕೀ ತಾನಾಗಿ ಇಳಿದು ಸ್ವರ ಹೊರಡುತ್ತದೆ. ತೂತೇ ಸ್ವರ. ಕಾಗದ ಉಳಿದ ಕಡೆ ಮೌನ.

ಜೊತೆಗೆ ಬಂದ ಸುರುಳಿಗಳನ್ನು ಇಲಿ ತಿಂದಿತ್ತು. ಗಂಡ ತಲೆ ಕೆರೆದುಕೊಂಡ. ಅವಳು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಇಷ್ಟೇ ತಾನೇ ಎಂದಳು. ಕೆಳಗೆ ಹೊಸ ಕಾಗದ ಹಾಸಿ, ಹಳೆಯ ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು, ಬೂಟಿನ ಕಾಲದ ಟೊಳ್ಳು ತುದಿಯ ಉಳಿಯನ್ನೇ ಮಸೆದು, ಮರದ ಕೊರಡಿನ ಮೇಲೆ ಇಟ್ಟು ಹೊಡೆದಳು. ಆ ಸುರುಳಿ ನುಡಿಯಿತು. ಹಾಗೆ ಶುರುವಾದ ಕೆಲಸ. ಅಂಥ ಪಿಯಾನೊ ಇಟ್ಟುಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಹುಡುಕಿಕೊಂಡು ಬಂದರು. ಅವಳ ಕೈಯ ಸುರುಳಿ ಹರಿದ ಸುದ್ದಿ ಮಾತ್ರ ಯಾರಿಂದಲೂ ಬರಲಿಲ್ಲ. ಅವಳಿಗಿದ್ದ ಜಂಬ ಅದೊಂದೇ.

ಮೇಷ್ಟ್ರು ಬಂದದ್ದು ಆಮೇಲೆ. ಸಂಗೀತದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಹೆಂಡತಿ ತೀರಿಕೊಂಡವರು, ಕೋಟಿನ ಒಂದು ಗುಂಡಿ ಸದಾ ಇನ್ನೊಂದರ ಕಾಜದ ಮನೆಯಲ್ಲಿರುತ್ತಿತ್ತು. ಅವರಿಗೆ ಹಳೇ ಹಾಡುಗಳ ನಕಲು ಬೇಕಿರಲಿಲ್ಲ. ಹತ್ತು ಬೆರಳಿನ ಮನುಷ್ಯ ಬಾರಿಸಲು ಸಾಧ್ಯವೇ ಇಲ್ಲದ ಸಂಗೀತ ಬರೆಯುತ್ತೇನೆ, ನೀವು ಹೊಡೆದು ಕೊಡಿ ಎಂದು ಚೌಕಳಿ ಕಾಗದದ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಅವಳಿಗೆ ಅದರ ತಲೆಬುಡ ತಿಳಿಯಲಿಲ್ಲ. ಚುಕ್ಕಿ ಇದ್ದ ಕಡೆ ತೂತು, ಗೀಟು ಇದ್ದ ಕಡೆ ಸಾಲು ತೂತು, ಅಷ್ಟೇ ಎಂದು ಹೊಡೆದು ಮುಗಿಸಿದಳು.

ಆ ಮೊದಲ ಸುರುಳಿಯನ್ನು ಮನೆಯ ಪಿಯಾನೊಗೆ ಹಾಕಿ ಗಂಡ ಪೆಡಲು ತುಳಿದ ದಿನವನ್ನು ಅವಳು ಮರೆಯುವ ಹಾಗಿರಲಿಲ್ಲ. ಎಡತುದಿಯಿಂದ ಬಲತುದಿಯವರೆಗೆ ಕೀಗಳು ಒಂದರ ಮೇಲೊಂದು ಮುಗಿಬಿದ್ದು, ಯಾರೋ ಗೋಣಿಚೀಲದಿಂದ ಗೋಲಿಗಳನ್ನು ಮೆಟ್ಟಿಲ ಮೇಲೆ ಸುರಿದಂತೆ ಸದ್ದು. ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ತನ್ನ ಕೈಯೇ ತಪ್ಪಿದೆ, ಮೇಷ್ಟ್ರ ಕೆಲಸ ಹಾಳಾಯಿತು ಎಂದುಕೊಂಡಳು. ಒಳಕೋಣೆಯಿಂದ ಅತ್ತೆ, ಪಾತ್ರೆ ಗೂಡು ಬಿತ್ತಾ ನೋಡ್ರೋ ಎಂದು ಕೂಗಿದರು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿಕೊಂಡು, ಹಸಿದವನು ಉಂಡ ಹಾಗೆ ತಲೆದೂಗುತ್ತಿದ್ದರು. ಒಂದೇ ಒಂದು ತೂತೂ ತಪ್ಪಿಲ್ಲ ಎಂದರು. ಅವಳು ಬೆಪ್ಪಾಗಿ ಗಂಡನ ಮುಖ ನೋಡಿದಳು.

ಕಾಲಕ್ರಮೇಣ ಕಿವಿ ಒಗ್ಗಿತು. ಇಷ್ಟವಾಯಿತೆಂದು ಹೇಳಲಾರಳು. ಆದರೆ ಇದು ಓಡುತ್ತಿದೆ, ಇದು ಕುಂಟುತ್ತಿದೆ, ಇಲ್ಲಿ ಏನೋ ಕುಸಿಯಿತು ಎಂಬುದೆಲ್ಲ ಕೈಗೇ ಗೊತ್ತಾಗತೊಡಗಿತು. ಇಬ್ಬರ ನಡುವೆ ಮಾತು ಕಡಿಮೆ, ನಂಬಿಕೆ ಹೆಚ್ಚು. ಹಾಗಾಗಿಯೇ ಆ ಕೊನೆಯ ದೊಡ್ಡ ಸುರುಳಿಯ ವಿಷಯದಲ್ಲಿ ಮೇಷ್ಟ್ರು ಏನೂ ಬಿಡಿಸಿ ಹೇಳಲಿಲ್ಲ, ಇವಳೂ ಏನೂ ಬಿಡಿಸಿ ಕೇಳಲಿಲ್ಲ.

ಅದು ಹೆಚ್ಚುಕಡಿಮೆ ಒಂದು ವರ್ಷದ ಕೆಲಸ. ಶುರುವಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಹೋಗ್ತಾ ಹೋಗ್ತಾ ದಟ್ಟ. ಕೊನೆಯ ಕಡೆಗೆ ಬಂದರೆ ಹಾಳೆಯ ಮೇಲೆ ಬಿಳಿ ಕಾಣುವುದೇ ಕಷ್ಟ. ಇವಳು ಹಾಳೆ ಹಿಡಿದುಕೊಂಡು ಬಾಗಿಲ ತನಕ ಹೋದ ಮೇಷ್ಟ್ರನ್ನು ನಿಲ್ಲಿಸಿದಳು.

"ಮೇಷ್ಟ್ರೇ, ಇಲ್ಲಿ ತೂತಿಗೂ ತೂತಿಗೂ ನಡುವೆ ಕಾಗದಾನೇ ಉಳಿಯಲ್ಲ. ಎಳೆತಕ್ಕೆ ಇದು ನಿಲ್ಲಲ್ಲ."

"ಬರೆದ ಹಾಗೆ ಹೊಡೀರಿ, ಸಾಕು," ಎಂದರು ಮೇಷ್ಟ್ರು. "ಇನ್ನೊಂದು ಮಾತು. ಇದನ್ನ ಮನೇಲಿ ಹಾಕಿ ನೋಡೋ ಹಾಗಿಲ್ಲ. ಮೊದಲ ಸಲ ಅಲ್ಲೇ, ಜನರ ಮುಂದೇನೇ ನುಡೀಬೇಕು."

ಆ ದಟ್ಟ ಭಾಗದ ಆಚೆ ಇನ್ನೂ ಸ್ವಲ್ಪ ಬಾಲವಿತ್ತು. ಅಲ್ಲಿ ಚುಕ್ಕಿಗಳು ವಿರಳ, ಸಾಲಾಗಿ, ಒಂದರ ಹಿಂದೊಂದು. ಮೇಷ್ಟ್ರ ಕೈಯಲ್ಲಿ ಅಂಥದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ದಣಿದಿರಬೇಕು ಪಾಪ ಎಂದುಕೊಂಡಳು.

ಆದರೆ ದಟ್ಟ ಭಾಗ ಅವಳ ನಿದ್ದೆ ಕೆಡಿಸಿತು. ಮೇಷ್ಟ್ರಿಗೆ ಸ್ವರ ಗೊತ್ತು, ಕಾಗದ ಗೊತ್ತಿಲ್ಲ. ಜನರ ಮುಂದೆ ಹರಿದರೆ ಅವರ ಮರ್ಯಾದೆಯೂ ಹೋಯಿತು, ನನ್ನದೂ ಹೋಯಿತು ಎಂದು ಯೋಚಿಸಿದಳು. ಕಡೆಗೆ ಹಾಲು ಸೋಸುವ ಬಟ್ಟೆಗಿಂತ ತೆಳುವಾದ ಬಿಳಿ ಬಟ್ಟೆ ತಂದು, ಆ ಭಾಗದ ಬೆನ್ನಿಗೆ ನೀರಾದ ಅಂಟಿನಿಂದ ಒಂದು ಸುಕ್ಕೂ ಏಳದ ಹಾಗೆ ಅಂಟಿಸಿ, ಒಣಗಿಸಿ, ಆಮೇಲೆ ಕಾಗದ ಬಟ್ಟೆ ಎರಡನ್ನೂ ಸೇರಿಸಿ ಹೊಡೆದಳು. ಎಳೆದು ನೋಡಿದಳು. ಚರ್ಮದ ಹಾಗೆ ನಿಂತಿತು. ಗಂಡನಿಗೆ ಹೇಳಲಿಲ್ಲ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಮೇಷ್ಟ್ರಿಗೂ ಹೇಳಲಿಲ್ಲ, ಹೇಳಿದರೆ ಬೇಡವೆನ್ನುತ್ತಾರೆ, ಅವರದು ಹಟದ ಸ್ವಭಾವ. ಎಲ್ಲ ಸುಸೂತ್ರವಾಗಿ ಮುಗಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡಳು.

ಕಛೇರಿ ನಡೆದದ್ದು ಹಳೆಯ ಉಗ್ರಾಣವೊಂದರಲ್ಲಿ, ಸಂಜೆ. ಸುಣ್ಣ ಬಳಿದ ಗೋಡೆ, ಕಬ್ಬಿಣದ ಮಡಿಚುವ ಕುರ್ಚಿಗಳು, ಮಧ್ಯೆ ಪಿಯಾನೊ. ಕಿಟಕಿಗಳು ಎತ್ತರದಲ್ಲಿದ್ದು ಇನ್ನೂ ಬೆಳಕಿತ್ತು. ಕಾಲೇಜಿನವರು, ಪತ್ರಿಕೆಯವರು, ತಿಳಿದವರಂತೆ ಕಾಣುವ ಗಡ್ಡದವರು ತುಂಬಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮಗಳಿದ್ದಳು. ಔಷಧಿ ಅಂಗಡಿ ನಡೆಸುವ, ಮೂವತ್ತು ದಾಟಿದ ಹೆಂಗಸು. ಅಪ್ಪನ ಹಾಳೆಗಳನ್ನು ತಲುಪಿಸಲು ಒಮ್ಮೊಮ್ಮೆ ಮನೆಗೆ ಬಂದಿದ್ದರಿಂದ ಇವರಿಗೆ ಪರಿಚಯ. ಮರಕುಟಿಗ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಗಂಡನ ಪಕ್ಕ ನಡುಸಾಲಿನಲ್ಲಿ ಕೂತು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮೇಷ್ಟ್ರು ಎದ್ದು ನಿಂತು ಎರಡು ಮಾತು ಆಡಿದರು. ಈ ಸುರುಳಿ ಬದುಕಿನಲ್ಲಿ ಒಂದೇ ಸಲ ನುಡಿಯುತ್ತದೆ ಎಂದರು. ತೂತುಗಳು ದಟ್ಟವಾಗುತ್ತಾ ಹೋಗಿ, ಕಾಗದಕ್ಕೆ ತನ್ನನ್ನೇ ಹೊರಲಾಗದ ಹೊತ್ತು ಬರುತ್ತದೆ. ಆಗ ಅದು ನಿಮ್ಮ ಕಣ್ಣೆದುರಿಗೇ ಹರಿಯುತ್ತದೆ. ಆ ಹರಿಯುವ ಸದ್ದೇ ಈ ಕೃತಿಯ ಕೊನೆಯ ಸ್ವರ. ಅದಾದ ಮೇಲೆ ಏನೂ ಇಲ್ಲ.

ಮರಕುಟಿಗ ಮೊದಲು ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದೇ ತಿಳಿದಳು. ಒಂದು ವರ್ಷ ಬೆನ್ನು ಬಾಗಿಸಿ ಹೊಡೆದದ್ದು ಹರಿಯಲಿಕ್ಕೆಂದೇ ಬರೆದದ್ದಂತೆ. ಗಂಡ ಅವಳ ಕಿವಿಯ ಹತ್ತಿರ ಬಾಗಿದ.

"ಕೇಳಿದ್ಯೇನೇ? ಹರಿಯುತ್ತಂತೆ."

"ಹರಿಯಲ್ಲ ರೀ."

"ಅಂದ್ರೆ?"

"ಹಿಂದಕ್ಕೆ ಬಟ್ಟೆ ಅಂಟಿಸಿದೀನಿ."

ಮಾತಿಗೆ ಮಾತು ಕೊಡುವ ಗಂಡ, ಬಾಯಿ ತೆರೆದವನು ತೆರೆದ ಹಾಗೇ ಕೂತ. ಎದ್ದು ಹೇಳಿಬಿಡಲೇ ಎಂದು ಅವಳು ಎರಡು ಸಲ ಕುರ್ಚಿಯ ಅಂಚಿಗೆ ಸರಿದಳು. ಅಷ್ಟರಲ್ಲಿ ಮೇಷ್ಟ್ರು ಕೂತು ಪೆಡಲು ತುಳಿಯಲಾರಂಭಿಸಿದ್ದರು.

ಒಂದು ಸ್ವರ. ಮೌನ. ಇನ್ನೊಂದು. ಆಮೇಲೆ ಎರಡು, ಆಮೇಲೆ ಹಿಂಡು. ಪ್ರತಿಯೊಂದು ತೂತೂ ಅವಳ ಮಣಿಕಟ್ಟಿಗೆ ನೆನಪಿತ್ತು. ಇಡೀ ಉಗ್ರಾಣ ಉಸಿರು ಬಿಗಿಹಿಡಿದು ಕಾಗದವನ್ನೇ ನೋಡುತ್ತಿತ್ತು. ಅವಳು ಮಾತ್ರ ನೆಲ ನೋಡುತ್ತಿದ್ದಳು. ದಟ್ಟ ಭಾಗ ಬಂತು. ಪಿಯಾನೊ ಗುಡುಗಿತು, ಮೇಲಿಟ್ಟಿದ್ದ ದೀಪ ಅದುರಿತು, ಕುರ್ಚಿಗಳ ಕಬ್ಬಿಣ ಝಣಗುಟ್ಟಿತು. ಯಾರೋ ಕಿವಿ ಮುಚ್ಚಿಕೊಂಡರು. ಎಲ್ಲರೂ ಈಗ, ಈಗ ಎಂದು ಮುಂದಕ್ಕೆ ಬಾಗಿದರು. ಹರಿಯಪ್ಪಾ, ಹರಿದುಬಿಡು ಎಂದು ಅವಳೂ ಒಳಗೊಳಗೇ ಬೇಡಿಕೊಂಡಳು. ತನ್ನ ಕೈಯ ಕೆಲಸ ಕೆಡಲಿ ಎಂದು ಅವಳು ಹಾರೈಸಿದ್ದು ಜನ್ಮದಲ್ಲಿ ಅದೇ ಮೊದಲು.

ಸುರುಳಿ ಹರಿಯಲಿಲ್ಲ. ಗುಡುಗು ಮುಗಿಯಿತು, ಕಾಗದ ಹಾದುಹೋಯಿತು. ಆಮೇಲೆ ಆ ನಿಶ್ಶಬ್ದದೊಳಗೆ ಒಂದು ರಾಗ ಶುರುವಾಯಿತು.

ಸಣ್ಣ ರಾಗ. ಎಳೆ ಮಕ್ಕಳಿಗೂ ಗುನುಗಲು ಬರುವಂಥದ್ದು. ಒಂದೊಂದೇ ಸ್ವರ ಮೆಟ್ಟಿಲು ಹತ್ತುವ ಹಾಗೆ ಮೇಲೇರಿ, ತುಸು ನಿಂತು, ಮತ್ತೆ ಏರುತ್ತಿತ್ತು. ಗಡ್ಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರ ಬೆನ್ನು ಮರಗಟ್ಟಿತ್ತು. ಕಾಲೆತ್ತಿದ್ದರೆ ಪಿಯಾನೊ ಅಲ್ಲೇ ನಿಲ್ಲುತ್ತಿತ್ತು. ಅದು ಉಗ್ರಾಣದಲ್ಲಿದ್ದ ಯಾರಿಗಾದರೂ ತಿಳಿಯುವ ಮಾತು. ಅವರ ಕಾಲು ನಿಧಾನವಾಯಿತು. ರಾಗ ಎಳೆದಂತಾಯಿತು. ಇನ್ನೇನು ನಿಂತಿತು ಎನ್ನುವಾಗ ಮತ್ತೆ ತುಳಿಯತೊಡಗಿದರು, ಕೊನೆಯ ತೂತಿನವರೆಗೂ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಮಗಳು ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಹಿಂಬದಿಯಲ್ಲಿ ಮರದ ಪೆಟ್ಟಿಗೆಗಳನ್ನು ಒಟ್ಟಿದ್ದ ಒಂದು ಕೋಣೆ. ಮರಕುಟಿಗ ಗಂಡನನ್ನು ಎಳೆದುಕೊಂಡು ತಪ್ಪೊಪ್ಪಿಕೊಳ್ಳಲೆಂದು ಅಲ್ಲಿಗೆ ಹೋದಾಗ ಮಗಳು ಆಗಲೇ ಅಪ್ಪನ ಎದುರಿಗಿದ್ದಳು. ಅವಳು ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ನೆನಪಿಲ್ಲ ಅಂದಿದ್ರಿ ಅಪ್ಪ. ಎಷ್ಟು ಸಲ ಕೇಳಿದೆ ನಾನು. ಅಮ್ಮ ಹೋದ್ಮೇಲೂ ಕೇಳಿದೆ, ಆ ಮೆಟ್ಟಿಲು ಹತ್ತೋ ಹಾಡು ಹೇಗಿತ್ತು ಅಂತ. ಒಂದು ಸ್ವರಾನೂ ನೆನಪಿಲ್ಲ ಅಂದ್ರಿ."

ಮೇಷ್ಟ್ರು ಕನ್ನಡಕ ಒರೆಸಿದರು.

"ಎಲ್ಲಾ ನೆನಪಿತ್ತು," ಎಂದಳು ಮಗಳು. "ಇಟ್ಟಿದ್ದೆಲ್ಲಿ? ಹರಿದು ಹೋಗೋ ಕಾಗದದ ಆಚೆ. ಯಾರಿಗೂ ಕೇಳಿಸದಿರೋ ಕಡೆ."

ಸುರುಳಿ ಕೆಡಿಸಿದೆ ಎಂದು ಕ್ಷಮೆ ಕೇಳಲು ಬಂದವಳು ಮರಕುಟಿಗ. ಅಪ್ಪ ಮಗಳ ನಡುವಿನ ಸುಳ್ಳೊಂದನ್ನು ಊರೆದುರಿಗೆ ನುಡಿಸಿಬಿಟ್ಟಿದ್ದಳು. ತಪ್ಪು ನನ್ನದು, ಹರಿಯಬಾರದೆಂದು ಬಟ್ಟೆ ಅಂಟಿಸಿದವಳು ನಾನು ಎಂದು ತೊದಲಿದಳು. ಮೇಷ್ಟ್ರು ಆಗ ಅವಳ ಕಡೆ ತಿರುಗಿದರು.

"ನಿಮ್ಮನ್ನ ಯಾರು ಕೇಳಿದ್ರು?"

ಸಿಟ್ಟಿನ ದನಿಯಲ್ಲ. ನಿಜಕ್ಕೂ ಯಾರು ಕೇಳಿದರು ಎಂದು ತಿಳಿಯಬಯಸುವವರ ದನಿ. ಮಗಳು ಒಂದು ಬಾಗಿಲಿನಿಂದ ಹೋದಳು, ಮೇಷ್ಟ್ರು ಇನ್ನೊಂದರಿಂದ. ಅನಾಥವಾಗಿ ಉಳಿದ ಸುರುಳಿಯನ್ನು ಗಂಡ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ತಂದ.

ಆಮೇಲಿನ ದಿನಗಳಲ್ಲಿ ಬೀದಿಗೆ ಟಕ್ ಟಕ್ ಕೇಳಿಸಲಿಲ್ಲ. ಉಳಿ ಹಿಡಿದರೆ ಕೈ ಏಳುತ್ತಿರಲಿಲ್ಲ. ಗಂಡ ಏನೇನೋ ತಮಾಷೆ ಮಾಡಿ ನೋಡಿದ. ಮರಕುಟಿಗ ವಲಸೆ ಹೋಯಿತಾ ಎಂದು ಅಂಗಡಿಯವನು ಕೇಳಿದನಂತೆ ಎಂದೂ ಹೇಳಿದ. ಅವಳು ನಗಲಿಲ್ಲ. ಅವಳನ್ನು ಕೊರೆಯುತ್ತಿದ್ದುದು ಮೇಷ್ಟ್ರ ಸಿಟ್ಟಲ್ಲ. ಬೂಟಿಗಾಗಲಿ ಕಾಗದಕ್ಕಾಗಲಿ, ಬಾಳಿಕೆ ಬರಲೆಂದೇ ಅವಳು ಜೀವಮಾನವೆಲ್ಲ ತೂತು ಹೊಡೆದಿದ್ದು. ಬಾಳಿಕೆ ಬಂದದ್ದೇ ಹೀಗೆ ಮನೆ ಮುರಿಯಬಹುದು ಎಂಬುದನ್ನು ನಂಬಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಬಂದಳು. ಅಂಗಡಿಯ ಬಿಳಿ ಕೋಟಿನಲ್ಲೇ ಇದ್ದಳು. ಒಳಗೆ ಬಂದು ಕೂರಲಿಲ್ಲ. ಬಾಗಿಲಲ್ಲೇ ನಿಂತು, "ಆಂಟಿ, ಆ ಕೊನೇದು ಮಾತ್ರ ಇನ್ನೊಂದ್ಸಲ ಕೇಳಬೇಕು," ಎಂದಳು.

ಗಂಡ ಸುರುಳಿ ಹಾಕಿ, ಬಾಲದವರೆಗೆ ಕೈಯಿಂದ ಸರಿಸಿ ಪೆಡಲು ತುಳಿದ. ರಾಗ ಮೆಟ್ಟಿಲು ಹತ್ತಿತು, ನಿಂತಿತು, ಹತ್ತಿತು, ನಿಂತಿತು. ಮುಗಿದಾಗ ಮಗಳು ಮತ್ತೊಮ್ಮೆ ಎಂದಳು. ಈ ಸಲ ರಾಗ ನಿಂತ ಕಡೆಯಲ್ಲಿ ಅವಳ ಎರಡೂ ಕೈ ಎದೆಯ ಮಟ್ಟಕ್ಕೆ ಎದ್ದವು. ಒಂದಕ್ಕೊಂದು ತಾಗದೆ ಹಾಗೇ ಇಳಿದವು.

ಮೇಷ್ಟ್ರ ಮನೆಯವರು ಆಗ ಮೂರನೇ ಮಹಡಿಯಲ್ಲಿ ಇದ್ದರಂತೆ. ಚಿಕ್ಕವಳಿದ್ದಾಗ ಮೆಟ್ಟಿಲು ಹತ್ತಲು ರಂಪ ಮಾಡುತ್ತಿದ್ದಳಂತೆ. ಅಪ್ಪ ಕೆಳಗಿನಿಂದ ಹಾಡುತ್ತಾ ಬರುವುದು, ಅಮ್ಮ ಮೇಲೆ ಕಟಕಟೆ ಹಿಡಿದು ನಿಂತಿರುವುದು, ಒಂದೊಂದು ತಿರುವಿಗೂ ಅಪ್ಪ ಹಾಡು ನಿಲ್ಲಿಸುವುದು. "ಅಲ್ಲಿ ನಾನು ಚಪ್ಪಾಳೆ ತಟ್ಟಬೇಕು. ತಟ್ಟಿದ್ರೆ ಮುಂದಕ್ಕೆ ಹಾಡೋರು," ಎಂದಳು. ಆಮೇಲೆ, "ಆ ಜಾಗ ಖಾಲಿ ಬಿಟ್ಟಿದಾರೆ," ಎಂದಳು.

ಮೌನವೆಂದರೆ ಉಳಿದ ಕಾಗದ, ಕೆಲಸವಿಲ್ಲದ ಜಾಗ ಎಂದು ಮರಕುಟಿಗ ಇಷ್ಟು ವರ್ಷ ತಿಳಿದಿದ್ದಳು. ಆ ಕಡೆಗಳಲ್ಲಿ ಉಳಿ ಎತ್ತಿ, ಉಸ್ಸೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದಿನ ಚುಕ್ಕಿಗೆ ಹೋಗಿದ್ದಳು.

ಮೇಷ್ಟ್ರು ಬಂದದ್ದು ಇನ್ನೂ ಕೆಲವು ವಾರ ಕಳೆದ ಮೇಲೆ. ಮೈ ಇಳಿದು ಹೋಗಿದ್ದರು. ಇನ್ನೊಂದು ಊರಿನವರು ಕೃತಿಯನ್ನು ಕೇಳುತ್ತಿದ್ದಾರೆ, ಹೊಸ ಸುರುಳಿ ಬೇಕು, ಬಟ್ಟೆ ಇಲ್ಲದ್ದು ಎಂದರು. ಹಳೆಯದನ್ನು ಏನು ಮಾಡಲಿ ಎಂದು ಅವಳು ಕೇಳಿದ್ದಕ್ಕೆ, ನಿಮ್ಮ ಹತ್ತಿರವೇ ಇರಲಿ, ಮಗಳು ಕೇಳಿದರೆ ಅವಳಿಗೆ ಕೊಡಿ ಎಂದರು. ಮರಕುಟಿಗ ಧೈರ್ಯ ಮಾಡಿದಳು.

"ಅವತ್ತು ಕಾಲು ಎತ್ತಿದ್ರೆ ನಿಂತು ಹೋಗ್ತಿತ್ತಲ್ಲ ಮೇಷ್ಟ್ರೇ."

"ಎತ್ತೋಕೆ ಹೋದೆ," ಎಂದರು. "ಕಾಲು ನನ್ನ ಮಾತು ಕೇಳಲಿಲ್ಲ."

ಆಮೇಲೆ ಕೇಳದೆಯೇ ಹೇಳಿಕೊಂಡರು. ಬಾಲವನ್ನು ಖಾಲಿ ಬಿಡಬಹುದಿತ್ತು. ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದರಂತೆ. ನೆನಪಿದೆ ಎಂದಿದ್ದರೆ ಮಗಳು ನುಡಿಸಿ ಎನ್ನುತ್ತಿದ್ದಳು. ನುಡಿಸಿದರೆ ಹೆಂಡತಿ ಕಣ್ಣ ಮುಂದೆ ಆ ಕಟಕಟೆ ಹಿಡಿದು ನಿಂತುಬಿಡುತ್ತಿದ್ದಳು. ಅದನ್ನು ತಾಳುವ ಶಕ್ತಿ ತನಗಿರಲಿಲ್ಲ ಎಂದರು. ಗಂಡ ಎದ್ದು ಒಳಗೆ ಹೋಗಿ, ಚಹಾ ಮಾಡುವ ನೆಪದಲ್ಲಿ ಅಲ್ಲೇ ಉಳಿದ.

ಅವಳು ಮತ್ತೆ ಉಳಿ ಹಿಡಿದಳು. ಹರಿಯಲೆಂದೇ ಹೊಡೆಯುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಕೈ ತಾನಾಗಿ ತೂತುಗಳ ನಡುವೆ ಒಂದು ಎಳೆ ಕಾಗದ ಹೆಚ್ಚಿಗೆ ಉಳಿಸಲು ಹೋಗುತ್ತಿತ್ತು; ಅದನ್ನು ಗದರಿಸಿ ಗದರಿಸಿ ಕೆಲಸ ತೆಗೆದಳು. ಬಾಲ ಖಾಲಿ. ಮೇಷ್ಟ್ರು ಹಾಗೇ ಬೇಕೆಂದಿದ್ದರು.

ಆ ಊರಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಏನಾಗುತ್ತದೆಂದು ಈ ಸಲ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಆದರೂ ಗುಡುಗಿನ ನಡುವಿನಿಂದ, ಗಟ್ಟಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸೀಳಿದಂತೆ ಆ ಸದ್ದು ಬಂದಾಗ ಅವಳಿಗೆ ಗರ ಬಡಿದಂತಾಯಿತು. ಕಾಗದದ ಚೂರುಗಳು ಗೂಡಿನಿಂದ ಮೇಷ್ಟ್ರ ಮಂಡಿಯ ಮೇಲೆ ಉದುರಿದವು. ಒಂದೇ ಏಟಿಗೆ ಇಡೀ ಸಭೆ ಕಲ್ಲಾಯಿತು. ತಾನು ಎದ್ದು ನಿಂತಿರುವುದು ಗಂಡ ತೋಳು ಹಿಡಿದು ಕೂರಿಸಿದಾಗಲೇ ಅವಳಿಗೆ ತಿಳಿದದ್ದು. ಸಂಕಟವೋ ಸಂತೋಷವೋ ಅವಳಿಗೇ ಗೊತ್ತಾಗಲಿಲ್ಲ. ಮೇಷ್ಟ್ರು ಬರೆದದ್ದು ಇದನ್ನೇ, ತಾನು ತಡೆದದ್ದು ಇದನ್ನೇ ಎಂದಷ್ಟೇ ಹೊಳೆಯಿತು.

ಹೊರಗೆ ಬಂದರೆ ಮೇಷ್ಟ್ರ ಮಗಳು. ಕಡೆಯ ಸಾಲಿನಲ್ಲಿ ಕೂತಿದ್ದಳಂತೆ, ಬರುವುದಾಗಿ ಯಾರಿಗೂ ಹೇಳಿರಲಿಲ್ಲ. ಅಪ್ಪನ ಕೋಟಿನ ಮೇಲಿದ್ದ ಕಾಗದದ ಚೂರುಗಳನ್ನು ಕೊಡವಿ, ಗುಂಡಿ ಬಿಚ್ಚಿ ಸರಿಯಾದ ಮನೆಗೆ ಹಾಕಿದಳು. ನಾಲ್ವರೂ ಬಸ್ಸು ನಿಲ್ದಾಣದ ಕಡೆಗೆ ಹೊರಟರು. ಅಪ್ಪ ಮಗಳು ಮುಂದೆ, ಇವರಿಬ್ಬರು ಹಿಂದೆ. ಮುಂದಿನವರು ಜಗಳವಾಡುತ್ತಿದ್ದರು. ಮಗಳು ಕೈಯಾಡಿಸಿ ಏನೋ ಹೇಳುವಳು, ಮೇಷ್ಟ್ರು ನಿಂತು ತಿರುಗಿ ಇನ್ನೇನೋ ಹೇಳುವರು, ಮತ್ತೆ ನಡೆಯುವರು. ಮಾತು ಕೇಳಿಸಿಕೊಳ್ಳುವ ಆಸೆಗೆ ಗಂಡ ಹೆಜ್ಜೆ ಜೋರು ಮಾಡಿದ. ಮರಕುಟಿಗ ಅವನ ಅಂಗಿಯ ಚುಂಗು ಹಿಡಿದು ಹಿಂದಕ್ಕೆ ಎಳೆದುಕೊಂಡಳು.